ಹಿರಿಯೂರಿನವನು ಹೊಳೆ ಕಂಡುಹಿಡಿದ

"ನಿಮ್ಮ ಊರಲ್ಲಿ ಒಂದು ಹೊಳೆ ಇದೆ, ಗೊತ್ತಾ?" ಅಂತ ಹಿರಿಯೂರು ಕೇಳಿದ. ಭದ್ರಾವತಿ ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತಿತು.

ಮೊದಲು ಪರಿಚಯ ಹೇಳಿಬಿಡುತ್ತೇನೆ. ನಮ್ಮ ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ. ಕಾಲೇಜು ಸೇರಿದ ವಾರದಲ್ಲೇ ಅಪ್ಪ ಅಮ್ಮ ಇಟ್ಟ ಹೆಸರುಗಳು ರದ್ದಾಗಿ ಊರಿನ ಹೆಸರುಗಳು ಜಾರಿಗೆ ಬಂದವು. ಹಿರಿಯೂರು, ಭದ್ರಾವತಿ, ಸಾಗರ, ತೀರ್ಥಹಳ್ಳಿ. ಇವರಲ್ಲಿ ತೀರ್ಥಹಳ್ಳಿ ಒಬ್ಬಳೇ ಹುಡುಗಿ, ದನಿ ಮಾತ್ರ ನಾಲ್ಕು ಜನರದ್ದು. ನಾನು ಶಿವಮೊಗ್ಗದಲ್ಲೇ ಹುಟ್ಟಿ ದುರ್ಗಿಗುಡಿಯಿಂದ ಸಿಟಿ ಬಸ್ಸಿನಲ್ಲಿ ಬರುವ ಪ್ರಾಣಿ, ಹಾಗಾಗಿ ನನಗೆ 'ಲೋಕಲ್' ಅಂತ ಹೆಸರು. ಅದರಲ್ಲಿ ಗೌರವ ಏನೂ ಇಲ್ಲ. ಯಾರಿಗೆ ಝೆರಾಕ್ಸ್ ಬೇಕಾದರೂ ನನ್ನನ್ನೇ ಓಡಿಸುತ್ತಾರೆ, ಅಷ್ಟೇ.

ಕಾಲೇಜು ಇರುವುದು ವಿದ್ಯಾನಗರದ ಕಡೆ. ಪೇಟೆಗೂ ಅದಕ್ಕೂ ನಡುವೆ ತುಂಗಾ ನದಿ. ಬೆಳಗ್ಗೆ ಸೇತುವೆ ದಾಟಿ ಹೋಗುತ್ತೇವೆ, ಸಂಜೆ ಅದೇ ಸೇತುವೆ ದಾಟಿ ಬರುತ್ತೇವೆ. ಸೇತುವೆ ಮೇಲೆ ನಮಗಿರುವ ಕೆಲಸ ಮೊಬೈಲ್ ನೋಡುವುದು, ಇಲ್ಲಾ ಮುಂದೆ ನಿಂತವನ ಬ್ಯಾಗು ಮೂಗಿಗೆ ತಾಗದಂತೆ ಕತ್ತು ತಿರುಗಿಸಿಕೊಳ್ಳುವುದು. ಕೆಳಗೆ ಯಾರು ನೋಡುತ್ತಾರೆ?

ಹಿರಿಯೂರು ನೋಡಿದ್ದ. ಅವನು ಅಡ್ಮಿಷನ್ ಮಾಡಿಸಿದ್ದೇ ಸೆಪ್ಟೆಂಬರ್ ಕೊನೆಗೆ, ಮಳೆಯ ಅಬ್ಬರ ಎಲ್ಲ ಮುಗಿದ ಮೇಲೆ. ಆಮೇಲೆ ಹಾಸ್ಟೆಲ್ಲು, ಕ್ಲಾಸು, ಇಂಟರ್ನಲ್ಸು. ಡಿಸೆಂಬರ್‌ನಲ್ಲಿ ಒಂದು ಸಂಜೆ ಗಾಂಧಿ ಬಜಾರಿಗೆ ಬಕೆಟ್ ತರಲು ಹೊರಟವನ ಬಸ್ಸು ಸೇತುವೆ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಕಾದು ಕಾದು ಸಾಕಾಗಿ ಇಳಿದು ನಡೆದ. ಬೆಕ್ಕಿನ ಕಲ್ಮಠದ ಹತ್ತಿರ ಪಕ್ಕಕ್ಕೆ ತಿರುಗಿದರೆ ಹೊಳೆ ದಂಡೆಗೆ ಕಲ್ಲು ಹಾಸಿದ ದಾರಿ, ಗಿಡ, ದೀಪದ ಕಂಬ, ಬೆಂಚು. ಕತ್ತಲಾಗುವವರೆಗೆ ಅಲ್ಲೇ ಕೂತುಬಿಟ್ಟನಂತೆ. ಬಕೆಟ್ ಬರಲಿಲ್ಲ. ಮಾರನೇ ದಿನ ಇಡೀ ರೂಮಿನವರು ಒಂದೇ ಬಕೆಟ್ಟಿನಲ್ಲಿ ಸ್ನಾನ ಮಾಡಿ ಕ್ಲಾಸಿಗೆ ಲೇಟಾಗಿ ಬಂದರು.

"ಅಲ್ಲಪ್ಪಾ, ಇಷ್ಟು ದೊಡ್ಡ ಹೊಳೆ. ಪಕ್ಕದಲ್ಲಿ ಪಾರ್ಕು. ಬೆಂಚು ಖಾಲಿ. ನೀವು ಐದು ರೂಪಾಯಿ ಟೀಗೆ ಈ ಕ್ಯಾಂಟೀನಿನ ಕುಂಟ ಕುರ್ಚಿ ಮೇಲೆ ದಿನಾ ಕೂರುತ್ತೀರಲ್ಲ, ನಿಮಗೆ ತಲೆ ಸರಿ ಇದೆಯಾ?" ಅಂದ.

"ಟೀಗೆ ಐದು ರೂಪಾಯಿ ಅಲ್ಲ, ಹತ್ತು" ಅಂತ ಸಾಗರ ತಿದ್ದಿದ. ಇಡೀ ಮಾತಿನಲ್ಲಿ ಅವನಿಗೆ ಕೇಳಿಸಿದ್ದು ಅದೊಂದೇ.

ನಾನು ಊರಿನ ಮರ್ಯಾದೆ ಉಳಿಸಬೇಕಲ್ಲ. "ಅದು ಸ್ಮಾರ್ಟ್ ಸಿಟಿಯವರು ಮಾಡಿಸಿದ್ದು, ನಮಗೆಲ್ಲ ಗೊತ್ತು" ಅಂದೆ.

"ಗೊತ್ತಿರುವುದು ಬೇರೆ. ಹೋಗಿದ್ದೀಯಾ?"

"ಹೋಗಿದ್ದೇನೆ. ನೆಂಟರು ಬಂದಾಗ."

ಇದು ಸುಳ್ಳಲ್ಲ. ಶಿವಮೊಗ್ಗದವರು ಹೊಳೆ ಹತ್ತಿರ ಹೋಗುವುದು ಮೂರೇ ಕಾರಣಕ್ಕೆ. ಒಂದು, ನೆಂಟರಿಗೆ ತೋರಿಸಲು. ಎರಡು, ಗಣಪತಿ ಬಿಡಲು. ಮೂರನೆಯದು ಬಹಳ ಮುಖ್ಯ, ಮಂಟಪ ಮುಳುಗಿತಾ ಅಂತ ನೋಡಲು. ಈ ಮಂಟಪದ ವಿಷಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪ ಇದೆ. ಬೇಸಿಗೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ನೀರುಕಾಗೆ ಬಂದು ಕೂತರೆ ಅದೇ ಹೆಚ್ಚು. ಜೂನ್ ಕಳೆದು ಶೃಂಗೇರಿ ಕಡೆ ಮಳೆ ಬಿದ್ದು, ಗಾಜನೂರು ಡ್ಯಾಮಿನ 22 ಗೇಟು ಎತ್ತಿದರೆ ಸಾಕು, ಇಡೀ ಊರಿಗೆ ಆ ಮಂಟಪದ ಮೇಲೆ ಪ್ರೀತಿ ಉಕ್ಕುತ್ತದೆ. ಕಟ್ಟೆವರೆಗೆ ಬಂತಂತೆ. ಕಂಬದ ಅರ್ಧ ಮುಳುಗಿತಂತೆ. ಮೇಲಿನ ಚಪ್ಪಡಿ ಮಾತ್ರ ಕಾಣುತ್ತಂತೆ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ ಅಪ್ಪನ ಬಿಪಿ ಕೇಳುವ ಮೊದಲು ಮಂಟಪ ಮುಳುಗಿತಾ ಅಂತ ಕೇಳುತ್ತಾನೆ. ಪೂರ್ತಿ ಮುಳುಗಿದ ದಿನ ಛತ್ರಿ ಹಿಡಿದುಕೊಂಡು, ಮಗು ಎತ್ತಿಕೊಂಡು, ಸೇತುವೆ ತುಂಬ ಜನ. ಬಾಗಿನ ಕೊಡುವವರದ್ದು ಒಂದು ಸಾಲು, ಫೋಟೊ ತೆಗೆಯುವವರದ್ದು ಇನ್ನೊಂದು. ಮಂಟಪವೇ ಕಾಣದ ಜಾಗವನ್ನು ಬೆರಳು ಮಾಡಿ ತೋರಿಸುತ್ತಾ "ಅಗೋ ಅಲ್ಲಿತ್ತು" ಅನ್ನುವುದರಲ್ಲಿ ನಮ್ಮವರಿಗೆ ಇರುವ ಖುಷಿ ಬೇರೆ ಯಾವುದರಲ್ಲೂ ಇಲ್ಲ.

ಇದನ್ನೆಲ್ಲ ಹಿರಿಯೂರಿಗೆ ಅಭಿನಯ ಸಮೇತ ವಿವರಿಸಿದೆ.

ಅವನು ಪೂರ್ತಿ ಕೇಳಿ, "ಅಂದರೆ ಕಂಡಾಗ ನೋಡಲ್ಲ, ಕಾಣದೇ ಇದ್ದಾಗ ನೋಡಲು ಹೋಗುತ್ತೀರಿ" ಅಂದ.

ತೀರ್ಥಹಳ್ಳಿ ಮೇಜು ಬಡಿದು ನಕ್ಕಳು. ನಾನು ವಿಷಯ ಬದಲಿಸಲು ನೋಡಿದೆ. ಆಗಲಿಲ್ಲ.

"ನೀನು ನಗಬೇಡ" ಅಂತ ಭದ್ರಾವತಿ ಅವಳ ಕಡೆ ತಿರುಗಿದ. "ನಿಮ್ಮ ಊರಲ್ಲೂ ಇದೇ ತುಂಗೆ ತಾನೇ ಇರುವುದು?"

"ಇದೇ ತುಂಗೆಯಾ? ನಮ್ಮಲ್ಲಿ ಇರುವುದು ತುಂಗೆ. ಇಲ್ಲಿಗೆ ಬರುವುದು ನಾವು ಬಳಸಿ ಬಿಟ್ಟದ್ದು" ಅಂದಳು. ಆಮೇಲೆ ಒಂದೇ ಉಸಿರಿಗೆ ಎಳ್ಳಮಾವಾಸ್ಯೆ ಜಾತ್ರೆ, ಪರಶುರಾಮ ಕೊಡಲಿ ತೊಳೆದ ರಾಮಕೊಂಡ, ತೆಪ್ಪೋತ್ಸವ, ಕಮಾನು ಸೇತುವೆ, ಚಿಬ್ಬಲಗುಡ್ಡೆಯ ಮೀನು ಎಲ್ಲ ಬಂದವು. ಚಿಬ್ಬಲಗುಡ್ಡೆಯಲ್ಲಿ ದೇವಸ್ಥಾನದ ಪಕ್ಕ ಹೊಳೆಯಲ್ಲಿ ಮೀನು ಹಿಡಿಯುವಂತಿಲ್ಲ. ಒಂದು ಹಿಡಿ ಮಂಡಕ್ಕಿ ಎಸೆದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಬಿಡುತ್ತವೆ. "ನಮ್ಮ ಮೀನುಗಳಿಗೆ ನಿಮ್ಮ ಹಾಸ್ಟೆಲ್ಲಿನ ಹುಡುಗರಿಗಿಂತ ಶಿಸ್ತು ಜಾಸ್ತಿ. ಅವಕ್ಕೆ ಪಾರ್ಕು ಬೇಕಿಲ್ಲ, ಬೆಂಚು ಬೇಕಿಲ್ಲ."

"ಮೀನಿಗೆ ಬೆಂಚು ಯಾಕೆ?" ಅಂದ ಸಾಗರ.

ಭದ್ರಾವತಿಗೆ ಅವಕಾಶ ಸಿಕ್ಕಿತು. ಹೊಳೆ ಅಂದರೆ ಭದ್ರೆ ಅನ್ನುವುದು ಅವನ ಸಿದ್ಧಾಂತ. ತುಂಗೆಗಿಂತ ಭದ್ರೆಯೇ ಉದ್ದ. ಲಕ್ಕವಳ್ಳಿ ಡ್ಯಾಮಿನಲ್ಲಿ 71.5 ಟಿಎಂಸಿ ನೀರು ಹಿಡಿಯುತ್ತದೆ, ಗಾಜನೂರಿನಲ್ಲಿ 3.24. "ಅದು ಡ್ಯಾಂ ಅಲ್ಲ, ಚೊಂಬು. ಎರಡು ಜೋರು ಮಳೆಗೆ ತುಂಬಿಬಿಡುತ್ತೆ. ತುಂಬಿದ ತಕ್ಷಣ ಟೀವಿಯವರು 'ರಾಜ್ಯದಲ್ಲೇ ಮೊದಲು ತುಂಬಿದ ಜಲಾಶಯ' ಅಂತ ಕೂಗುತ್ತಾರೆ. ಚೊಂಬು ಬೇಗ ತುಂಬದೇ ಇನ್ನೇನು ಆಗುತ್ತೆ?" ಅಂದ. ಅಲ್ಲಿಗೆ ನಿಲ್ಲಿಸಿದನಾ? ಇಲ್ಲ. "ನಿಮ್ಮ ಹೊಳೆ ಪಾರ್ಕಿನ ಪಕ್ಕ ಸುಮ್ನೆ ಹರಿಯುತ್ತೆ. ನಮ್ಮ ಹೊಳೆ ದುಡಿಯುತ್ತೆ. ನೂರು ವರ್ಷದಿಂದ ಕಬ್ಬಿಣದ ಕಾರ್ಖಾನೆಗೆ ನೀರು ಕೊಟ್ಟಿದೆ."

"ನಿಮ್ಮೂರಿನ ಕಾಗದದ ಕಾರ್ಖಾನೆ ನಿಂತು ಎಷ್ಟು ವರ್ಷ ಆಯ್ತು?" ಅಂತ ತೀರ್ಥಹಳ್ಳಿ ಕೇಳಿದಳು.

ಅವನು ಸುಮ್ಮನಾದ. ಆ ಮಾತು ಸ್ವಲ್ಪ ಜೋರಾಯಿತು. ಅವನ ಮಾವ ಅಲ್ಲೇ ಕೆಲಸದಲ್ಲಿದ್ದವರು. ಒಂದು ನಿಮಿಷ ಬಿಟ್ಟು ಅವನೇ, "ಆಯ್ತು, ಸದ್ಯ ನಮ್ಮ ಹೊಳೆಯೂ ಕೆಲಸ ಹುಡುಕುತ್ತಿದೆ, ಡಿಗ್ರಿ ಮುಗಿದ ಮೇಲೆ ನನ್ನ ಜೊತೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ" ಅಂದ. ಎಲ್ಲರೂ ನಕ್ಕರು, ಬೋಂಡ ಬಂತು.

ಈ ನಡುವೆ ಸಾಗರಕ್ಕೆ ಎಚ್ಚರವಾಗಿ, "ನಮ್ಮ ಶರಾವತಿ ಕರೆಂಟು ಕೊಡುತ್ತೆ" ಅಂತ ಒಂದು ವಾಕ್ಯ ಹೇಳಿದ. ಅವನ ಅಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಅಜ್ಜ 1964ರ ನಂತರ ಆ ಕಡೆ ತಲೆಹಾಕಿ ಮಲಗಿಲ್ಲ ಅಂತ ಅವರ ಮನೆಯಲ್ಲಿ ಹೇಳುತ್ತಾರೆ. ಸಾಗರ ಯಾವ ಕಡೆ ತಲೆಹಾಕಿಯಾದರೂ ಮಲಗುತ್ತಾನೆ. ಹೊಳೆ ಅಂದರೆ ಅವನಿಗೆ ಸಿಗಂದೂರಿನ ಲಾಂಚು. ಬಸ್ಸು, ಜೀಪು, ಬೈಕು, ಭಕ್ತರು ಎಲ್ಲರನ್ನೂ ಹೇರಿಕೊಂಡು ಹೋಗುತ್ತಿದ್ದ ಲಾಂಚಿನಲ್ಲಿ ಕಂಬಿಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದನಂತೆ. 2025ರ ಜುಲೈನಲ್ಲಿ ಸೇತುವೆ ಆಯಿತು. ಎಲ್ಲರೂ ಕುಣಿದರು. ಇವನಿಗೆ ಮಾತ್ರ ನಿದ್ದೆಯ ಸಮಯ ಕಡಿಮೆಯಾಯಿತು ಅಂತ ಬೇಜಾರು.

"ಶರಾವತಿಯೂ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ, ಅಂಬುತೀರ್ಥದಲ್ಲಿ" ಅಂತ ತೀರ್ಥಹಳ್ಳಿ ಅದನ್ನೂ ತನ್ನ ಖಾತೆಗೆ ಹಾಕಿಕೊಂಡಳು.

ಹಿರಿಯೂರು ಇಷ್ಟು ಹೊತ್ತೂ ಬೋಂಡ ತಿನ್ನುತ್ತಾ ಒಬ್ಬೊಬ್ಬರನ್ನೇ ನೋಡುತ್ತಿದ್ದ. ಆಮೇಲೆ ಬಹಳ ಸಮಾಧಾನವಾಗಿ ಮಾರಿಕಣಿವೆ ಕಥೆ ಶುರು ಮಾಡಿದ. ವಾಣಿವಿಲಾಸ ಸಾಗರವನ್ನು ಅವರ ಕಡೆ ಮಾರಿಕಣಿವೆ ಅಂತಲೇ ಕರೆಯುತ್ತಾರೆ. ವೇದಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟು, ಕೆಆರ್‌ಎಸ್‌ಗಿಂತ ಹಳೆಯದು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮುಂದಿನ ಕೋಡಿ ಯಾವಾಗ? 2022ರ ಸೆಪ್ಟೆಂಬರ್. ಮಧ್ಯೆ 89 ವರ್ಷ. "ನಮ್ಮ ಅಜ್ಜಿ ಕೋಡಿ ನೋಡಬೇಕು ಅಂತ ಹೇಳುತ್ತಾ ಹೇಳುತ್ತಾ ಮುದುಕಿಯಾದಳು. ಬಿದ್ದ ದಿನ ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಹೋದೆವು. ಸ್ಕೂಲಿಗೆ ಯಾರೂ ಹೋಗಲಿಲ್ಲ, ಮೇಷ್ಟ್ರೂ ಅಲ್ಲೇ ಇದ್ದರು. ಅಜ್ಜಿ ನೀರಿಗೆ ಅರಿಶಿನ ಕುಂಕುಮ ಹಾಕಿ, ಅದರ ಮುಂದೆ ಕೂತು, ಸಂಜೆವರೆಗೆ ಎದ್ದೇಳಲಿಲ್ಲ. ನೀವು ಇಲ್ಲಿ ಡಿಸೆಂಬರ್‌ನಲ್ಲೂ ಹರಿಯುವ ಹೊಳೆ ಇಟ್ಟುಕೊಂಡು, ಇದು ಸಣ್ಣದು, ಅದು ದೊಡ್ಡದು ಅಂತ ಜಗಳ ಆಡುತ್ತೀರಿ."

ಈ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೂ ಸೋಲುತ್ತಿದ್ದೆವು. ಅವನ ಮಾತೇ ಸರಿ ಅಂತ ನನ್ನ ಅಭಿಪ್ರಾಯ. ಪಾರ್ಕು ಮಾಡಿದವರು ಬೆಂಚು ಹಾಕಬಹುದು. ಆ ಬೆಂಚಿನಲ್ಲಿ ಕೂತು ಎರಡು ಗಂಟೆ ನೀರು ನೋಡುವ ಮನುಷ್ಯನನ್ನು ಟೆಂಡರ್ ಕರೆದು ತರಿಸುವುದು ಆಗುವುದಿಲ್ಲ. ಅಂಥವನು ಬಯಲುಸೀಮೆಯಿಂದಲೇ ಬರಬೇಕು.

ಸರಿ, ಎಲ್ಲರೂ ಹೋಗೋಣ ಅಂತ ತೀರ್ಮಾನವಾಯಿತು. ಮೂರೂವರೆ ಕ್ಲಾಸು ಬಿಟ್ಟು ಹೊರಟೆವು. ಅಟೆಂಡೆನ್ಸ್ 75 ಪರ್ಸೆಂಟ್ ಬೇಕು ಅಂತ ತೀರ್ಥಹಳ್ಳಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಬಂದಳು. ಅವಳ ಲೆಕ್ಕದ ಪ್ರಕಾರ ಸಾಗರ ಇನ್ನು ಮುಂದೆ ಭಾನುವಾರವೂ ಕ್ಲಾಸಿಗೆ ಬರಬೇಕು.

ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ನೀರು ಇಳಿದು ಬಂಡೆಗಳು ಹೊರಗೆ ಬಂದಿದ್ದವು. ಹಿರಿಯೂರು ತನ್ನ ಮನೆ ತೋರಿಸುವವನ ಹಾಗೆ ಮುಂದೆ ಮುಂದೆ ನಡೆದ. ಇದು ನನ್ನ ಬೆಂಚು. ಇಲ್ಲಿ ನಾಲ್ಕೂವರೆಗೆ ನೆರಳು ಬರುತ್ತೆ. ಆ ಬಂಡೆ ಮೇಲೆ ಇರುವವನನ್ನು ನೋಡಿ, ಅವನು ದಿನಾ ಅಲ್ಲೇ.

ಬಂಡೆ ಮೇಲೆ ಒಂದು ನೀರುಕಾಗೆ ನಿಂತಿತ್ತು. ಕಪ್ಪು ಹಕ್ಕಿ, ಎರಡೂ ರೆಕ್ಕೆ ಅಗಲಿಸಿ, ಎದೆ ಸೂರ್ಯನ ಕಡೆ ಮಾಡಿ, ಅಲ್ಲಾಡದೆ. ಇಷ್ಟು ಹತ್ತಿರದಿಂದ ನಾನು ನೋಡಿದ್ದು ಮೊದಲ ಸಲ. ಕಪ್ಪು ಅಂದುಕೊಂಡಿದ್ದ ಬೆನ್ನಿನಲ್ಲಿ ಬಿಸಿಲಿಗೆ ಹಸಿರು ಹೊಳೆಯುತ್ತಿತ್ತು. ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿತ್ತು. ಸ್ವಲ್ಪ ಹೊತ್ತಿಗೆ ರೆಕ್ಕೆ ಮಡಚಿ ನೀರಿಗೆ ಬಿತ್ತು, ಕಾಣೆಯಾಯಿತು, ನಾವು ನೋಡುತ್ತಿದ್ದ ಕಡೆ ಬಿಟ್ಟು ಬೇರೆಲ್ಲೋ ಎದ್ದಿತು. ಬಾಯಲ್ಲಿ ಮೀನು ಅಡ್ಡ ಇತ್ತು. ಅದನ್ನು ಮೇಲಕ್ಕೆ ಎಸೆದು, ತಲೆ ಮುಂದಾಗುವಂತೆ ಹಿಡಿದು, ನುಂಗಿತು. ಮತ್ತೆ ಬಂಡೆ ಹತ್ತಿ ರೆಕ್ಕೆ ಬಿಚ್ಚಿತು.

"ಬಾತುಕೋಳಿಯ ರೆಕ್ಕೆಯಂತಲ್ಲ ಇದರದ್ದು, ನೀರನ್ನು ಪೂರ್ತಿ ತಡೆಯಲ್ಲ, ನೆನೆಯುತ್ತೆ" ಅಂತ ತೀರ್ಥಹಳ್ಳಿ ಹೇಳಿದಳು. ಅವಳು ಝೂವಾಲಜಿ. "ನೆನೆದು ಭಾರ ಆದರೆ ಮುಳುಗಲು ಸುಲಭ. ಆಮೇಲೆ ಹೀಗೆ ಒಣಗಬೇಕು. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ನೋಡಬೇಕು ನೀವು, ಹೊಳೆ ಮಧ್ಯದ ನಡುಗಡ್ಡೆಯ ಮರಗಳ ತುಂಬ ಇವು, ಬೆಳ್ಳಕ್ಕಿ, ಹಾವಕ್ಕಿ ಗೂಡು ಕಟ್ಟಿರುತ್ತವೆ. ಸುತ್ತ ನೀರು ಇರುವುದರಿಂದ ಬೆಕ್ಕು, ಹಾವು ಸುಲಭಕ್ಕೆ ಹತ್ತಿರ ಹೋಗಲ್ಲ."

"ಅಂದರೆ ಕೆಲಸ ಹತ್ತು ನಿಮಿಷ, ಒಣಗುವುದು ಒಂದು ಗಂಟೆ" ಅಂದ ಸಾಗರ. ಅವನ ಕಣ್ಣಲ್ಲಿ ನಿಜವಾದ ಗೌರವ ಇತ್ತು. ತನ್ನ ಗುರು ಸಿಕ್ಕಿದ ಅಂತ ಹೇಳಿ ಅದೇ ಬೆಂಚಿನಲ್ಲಿ ಕಾಲು ಚಾಚಿದ.

ಐದು ಗಂಟೆಗೆ ವಾಕಿಂಗ್ ಪಡೆ ಬಂತು. ಪಾರ್ಕಿನ ನಿಜವಾದ ಮಾಲೀಕರು ಇವರೇ. ಬಿಳಿ ಶೂ, ಮಂಕಿ ಕ್ಯಾಪ್, ಕೈಯಲ್ಲಿ ಪುಟ್ಟ ಟವೆಲ್. ಎಲ್ಲರೂ ನೇರ ಮುಂದೆ ನೋಡಿಕೊಂಡು ನಡೆಯುತ್ತಾರೆ, ಪಕ್ಕದಲ್ಲಿ ಹೊಳೆ ಇದೆಯೋ ಗೋಡೆ ಇದೆಯೋ ವ್ಯತ್ಯಾಸ ಇಲ್ಲ. ಮಾತು ಮಾತ್ರ ಶುಗರ್ರು, ಅಡಿಕೆ ರೇಟು, ಅಳಿಯನ ಕಾರು. ಅಡಿಕೆ ರೇಟು ಏರಿದ ದಿನ ನಡಿಗೆಯ ವೇಗವೂ ಏರುತ್ತದೆ ಅಂತ ಭದ್ರಾವತಿ ಕಂಡುಹಿಡಿದ. ಅದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ನಮ್ಮ ಮುಂದೆ ನಿಂತು, ಯಾವ ಕಾಲೇಜು, ಯಾವ ಸೆಮಿಸ್ಟರ್, ಈ ಹೊತ್ತಿನಲ್ಲಿ ಕ್ಲಾಸು ಇಲ್ಲವಾ ಅಂತ ವಿಚಾರಣೆ ಶುರು ಮಾಡಿದರು.

"ಫೀಲ್ಡ್ ವರ್ಕ್ ಸಾರ್" ಅಂತ ಹಿರಿಯೂರು ನೀರುಕಾಗೆ ತೋರಿಸಿದ.

"ಅವನು?" ಅಂತ ಅವರು ಮಲಗಿದ್ದ ಸಾಗರವನ್ನು ತೋರಿಸಿದರು.

"ಅವನು ಸ್ಯಾಂಪಲ್ ಸಾರ್."

ಮೇಷ್ಟ್ರು ಒಳ್ಳೆಯವರು, ನಕ್ಕರು. ನಗುತ್ತಾ ನಮ್ಮ ಪಕ್ಕ ಕೂತರು, ಅದು ಮಾತ್ರ ನಾವು ಎಣಿಸಿರಲಿಲ್ಲ. ಅವರ ಕಾಲದಲ್ಲಿ ಇಲ್ಲಿ ಪಾರ್ಕು ಇರಲಿಲ್ಲ, ಮೆಟ್ಟಿಲು ಇತ್ತು. ಬಟ್ಟೆ ಒಗೆಯುವವರು, ಸ್ನಾನ ಮಾಡುವವರು, ಈಜುವ ಹುಡುಗರು. ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದರಂತೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿ ನಮ್ಮ ಮುಖ ನೋಡಿದರು. ನಾವು ನೀರಿನ ಮುಖ ನೋಡಿದೆವು. ದಂಡೆ ಹತ್ತಿರ ಒಂದು ಪ್ಲಾಸ್ಟಿಕ್ ಬಾಟಲಿ, ಹೂವಿನ ಹಾರ, ಯಾರದ್ದೋ ಮನೆಯ ಗಾಜು ಒಡೆದ ದೇವರ ಫೋಟೊ ಒಟ್ಟಿಗೆ ತೇಲುತ್ತಿದ್ದವು. ಸ್ವಲ್ಪ ಕೆಳಗೆ ಒಂದು ಚರಂಡಿ ಬಂದು ಸೇರುವ ಜಾಗದಲ್ಲಿ ನೀರಿನ ಬಣ್ಣವೇ ಬೇರೆ.

ಇದು ತಮಾಷೆ ಮಾಡುವ ವಿಷಯ ಅಲ್ಲ, ಆದರೂ ಹೇಳಿಬಿಡುತ್ತೇನೆ. ದೀಪದ ಕಂಬ ನೆಟ್ಟು, ಕಲ್ಲು ಹಾಸಿ, ಗಿಡ ಕತ್ತರಿಸಿ ಹೊಳೆ ದಂಡೆಯನ್ನು ಚಂದ ಮಾಡಬಹುದು. ಊರಿನ ಕೊಳಚೆ ಹೊಳೆಗೆ ಬೀಳುವುದು ನಿಲ್ಲದಿದ್ದರೆ ಆ ಚಂದ ನೋಡಲು ಮೂಗು ಮುಚ್ಚಿಕೊಂಡೇ ಕೂರಬೇಕು. 2024ರ ನವೆಂಬರ್‌ನಲ್ಲಿ 'ನಿರ್ಮಲ ತುಂಗಭದ್ರಾ ಅಭಿಯಾನ'ದವರು ಶೃಂಗೇರಿಯಿಂದ ಹೊಳೆಯುದ್ದಕ್ಕೂ ಪಾದಯಾತ್ರೆ ಮಾಡಿದರು, ಶಿವಮೊಗ್ಗಕ್ಕೂ ಬಂದಿದ್ದರು. ಮೇಷ್ಟ್ರು ಸ್ವಲ್ಪ ದೂರ ಅವರ ಜೊತೆ ನಡೆದಿದ್ದರಂತೆ. "ನೀವು ಎಲ್ಲಿದ್ದಿರಿ?" ಅಂದರು.

"ಸೇತುವೆ ಮೇಲೆ ಬಸ್ಸಿನಲ್ಲಿ" ಅಂದೆ.

ಆಗ ಹಿರಿಯೂರಿಗೆ ಗಾಬರಿಯಾಯಿತು. "ಒಂದು ನಿಮಿಷ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ಚಿತ್ರದುರ್ಗದ ಕಡೆಗೆ ತುಂಗಾ ನೀರು ತಾನೇ ಬರುವುದು?"

ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕುವುದು, ಭದ್ರೆಯಿಂದ ಒಟ್ಟು 29.9 ಟಿಎಂಸಿ ಎತ್ತಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಿಗೆ ಕೊಡುವುದು, ಅದರಲ್ಲಿ 2 ಟಿಎಂಸಿ ಮಾರಿಕಣಿವೆಗೆ. ಈ ಲೆಕ್ಕ ಹಿರಿಯೂರಿನ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿಮ್ಮ ನೀರು ಎತ್ತುವುದು ಮೇಲೆ, ಮುತ್ತಿನಕೊಪ್ಪದ ಹತ್ತಿರ" ಅಂತ ಮೇಷ್ಟ್ರು ಸಮಾಧಾನ ಮಾಡಿದರು. "ನಮ್ಮ ಊರಿನ ಚರಂಡಿ ಸೇರುವುದು ಅದಕ್ಕಿಂತ ಎಷ್ಟೋ ಕೆಳಗೆ."

"ಹಾಗಾದರೆ ಪರವಾಗಿಲ್ಲ" ಅಂತ ಅವನು ಉಸಿರು ಬಿಟ್ಟ.

"ಪರವಾಗಿಲ್ಲವಾ? ಕೆಳಗೆ ಹೊನ್ನಾಳಿಯವರು, ಹರಿಹರದವರು ಏನು ಮಾಡಬೇಕು?" ಅಂತ ತೀರ್ಥಹಳ್ಳಿ ಎದ್ದು ನಿಂತಳು. ನೀವು ನಮ್ಮದನ್ನು ಎತ್ತಿಕೊಂಡು ಹೋಗುತ್ತೀರಿ, ಇವರು ಉಳಿದದ್ದನ್ನು ಕೆಡಿಸುತ್ತಾರೆ ಅಂತ ಒಂದೇ ಸಲಕ್ಕೆ ಎರಡು ಜಿಲ್ಲೆಗಳ ಮೇಲೆ ಬಿದ್ದಳು. ಹಿರಿಯೂರು, "ನಮ್ಮ ಪಾಲಿನ ನೀರು ಬರುವುದು ತಡ ಆಗುತ್ತಿದೆ, ಅದಕ್ಕೇ ನಾನು ಮುಂಚಿತವಾಗಿ ಬಂದು ಹೊಳೆ ಪಕ್ಕ ಕಾಯುತ್ತಿದ್ದೇನೆ" ಅಂದ. ಮೇಷ್ಟ್ರು ಮೆಲ್ಲಗೆ ಎದ್ದು ತಮ್ಮ ಪಡೆ ಸೇರಿಕೊಂಡರು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಕ್ಲಾಸಿನಿಂದ ಯಾವಾಗ ಹೊರಗೆ ಹೋಗಬೇಕು ಅನ್ನುವುದು ಗೊತ್ತಿರುತ್ತದೆ.

ಆಮೇಲೆ ಇದೇ ರೂಢಿಯಾಯಿತು. ಕ್ಯಾಂಟೀನಿನ ಕುರ್ಚಿ ಖಾಲಿ, ಹೊಳೆ ಪಕ್ಕದ ಬೆಂಚು ಭರ್ತಿ. ಒಂದು ಸಲ ಗ್ರೂಪ್ ಸ್ಟಡಿ ಅಂತ ಪುಸ್ತಕ ಹೊತ್ತುಕೊಂಡು ಹೋದೆವು. ಮೊದಲ ಪುಟ ತೆರೆದಾಗ ಚುರುಮುರಿಯವನು ಬಂದ. ಈರುಳ್ಳಿ ಹೆಚ್ಚುವ ಸದ್ದು ಕೇಳಿದ ಮೇಲೆ ಯಾರ ತಲೆಗೆ ಎಕನಾಮಿಕ್ಸ್ ಹತ್ತುತ್ತದೆ? ನಿಂಬೆಹಣ್ಣು ಹಿಂಡುವಾಗ ಭದ್ರಾವತಿಯ ನೋಟ್ಸಿನ ಮೇಲೆ ರಸ ಬಿದ್ದು, 'ಬೇಡಿಕೆಯ ನಿಯಮ' ಅನ್ನುವ ತಲೆಬರಹ ಅಳಿಸಿಹೋಯಿತು. ಅಷ್ಟರಲ್ಲಿ ಪಕ್ಕದ ಬೆಂಚಿನಲ್ಲಿ ನಮ್ಮ ಕ್ಲಾಸಿನ ಇಬ್ಬರು ಛತ್ರಿ ಬಿಚ್ಚಿ ಕೂತಿರುವುದು ಕಂಡಿತು. ಮಳೆ ಇಲ್ಲ, ಬಿಸಿಲೂ ಇಲ್ಲ. ಗದ್ದಲ ಮಾಡದೆ ನಾವು ಎದ್ದು ಇನ್ನೊಂದು ಕಡೆ ಹೋದೆವು. ಅಲ್ಲೂ ಛತ್ರಿ. ಡಿಸೆಂಬರ್‌ನಲ್ಲಿ ತುಂಗಾ ದಂಡೆಯಲ್ಲಿ ಕಾಣುವಷ್ಟು ಛತ್ರಿ ಆಗುಂಬೆಯಲ್ಲಿ ಜುಲೈನಲ್ಲೂ ಕಾಣುವುದಿಲ್ಲ ಅಂತ ತೀರ್ಥಹಳ್ಳಿ ಪ್ರಮಾಣ ಮಾಡಿದಳು.

ನನಗೆ ಕೇಳಿದರೆ ಪಾರ್ಕಿಗಿಂತ ಆ ಹಳೇ ಮೆಟ್ಟಿಲೇ ವಾಸಿ. ಬೆಂಚಿನ ಮೇಲೆ ಕೂತರೆ ಹೊಳೆ ದೂರ. ಮೆಟ್ಟಿಲಿನ ಮೇಲೆ ಕೂತರೆ ನೀರು ಕಾಲ ಬುಡದಲ್ಲಿ, ಪುಟ್ಟ ಮೀನುಗಳು ಬಂದು ಹೆಬ್ಬೆರಳು ಮುಟ್ಟಿ ಹೋಗುತ್ತವೆ, ಪಾಚಿ ಇರುವ ಕಡೆ ಮಾತ್ರ ನೋಡಿ ಕಾಲಿಡಬೇಕು. ಒಂದು ಕಾವಲಿನವನು ದೂರದಿಂದಲೇ ಸಿಳ್ಳೆ ಊದುತ್ತಾನೆ, ಅದೊಂದು ಕಷ್ಟ. ಅವನ ಸಿಳ್ಳೆಗೂ ಕಾರಣ ಇದೆ. ಮೇಲಿನಿಂದ ನೀರು ಬಿಟ್ಟರೆ ಈ ಹೊಳೆ ನೋಡುನೋಡುತ್ತಲೇ ಏರುತ್ತದೆ. 2019ರ ಆಗಸ್ಟಿನಲ್ಲಿ ವಿದ್ಯಾನಗರದ ಮನೆಗಳಿಗೇ ನುಗ್ಗಿತ್ತು. ಆ ವರ್ಷ ಮಂಟಪ ನೋಡಲು ಯಾರೂ ಸೇತುವೆಗೆ ಹೋಗಬೇಕಾಗಿರಲಿಲ್ಲ, ಹೊಳೆಯೇ ಜನರನ್ನು ನೋಡಲು ಮನೆಗೆ ಬಂದಿತ್ತು.

ಮೊನ್ನೆ ಮತ್ತೆ ಹಳೇ ಜಗಳ ಎದ್ದಿತು, ತುಂಗೆಯೋ ಭದ್ರೆಯೋ ಅಂತ. ಎರಡೂ ಹುಟ್ಟುವುದು ಗಂಗಾಮೂಲದಲ್ಲೇ, ಒಂದೇ ಬೆಟ್ಟ. ಬೇರೆ ಬೇರೆ ದಾರಿ ಹಿಡಿದು ಕೂಡಲಿಯಲ್ಲಿ ಸೇರುತ್ತವೆ. ಆಮೇಲೆ ಹಿರಿಯೂರಿನ ವೇದಾವತಿಯೂ ಬಳ್ಳಾರಿ ಕಡೆ ಹೋಗಿ ಅದೇ ತುಂಗಭದ್ರೆಗೆ ಬೀಳುತ್ತದೆ. ಅಲ್ಲಿಂದ ಕೃಷ್ಣೆ. ಹಿರಿಯೂರು ಇದನ್ನೆಲ್ಲ ಮೊಬೈಲಿನ ಮ್ಯಾಪಿನಲ್ಲಿ ಬೆರಳಿನಿಂದ ಎಳೆದು ತೋರಿಸಿ, "ನಾವು ನಾಲ್ವರೂ ಕೊನೆಗೆ ಬಂಗಾಳ ಕೊಲ್ಲಿ. ಸಾಗರ ಒಬ್ಬನೇ ಜೋಗದಲ್ಲಿ ಹಾರಿ, ಹೊನ್ನಾವರಕ್ಕೆ ಹೋಗಿ, ಅರಬ್ಬಿ ಸಮುದ್ರ ಸೇರುತ್ತಾನೆ" ಅಂದ.

"ಅದಕ್ಕೇ ನಾನು ಬೇಗ ತಲುಪುತ್ತೇನೆ. ನಿಮ್ಮದು ದೂರ" ಅಂತ ಸಾಗರ ಕಣ್ಣು ಮುಚ್ಚಿಕೊಂಡೇ ಹೇಳಿದ.

ಭಾನುವಾರ ಕೂಡಲಿಗೆ ಹೋಗಿ, ಯಾವ ಹೊಳೆಯ ನೀರು ಜಾಸ್ತಿ ಅಂತ ಕಣ್ಣಾರೆ ನೋಡಿ ತೀರ್ಪು ಕೊಡುವುದು ಅಂತ ಮಾತಾಯಿತು. ಹದಿನೈದು ಕಿಲೋಮೀಟರ್ ಆಸುಪಾಸು, ದೊಡ್ಡ ವಿಷಯ ಅಲ್ಲ. ಅಲ್ಲಿ ಹೊಯ್ಸಳರ ಕಾಲದ ದೇವಸ್ಥಾನ ಇದೆ, ಸಂಗಮದ ಮೆಟ್ಟಿಲು ಇದೆ. ಪಾರ್ಕು ಇದೆಯಾ ಅಂತ ಹಿರಿಯೂರು ಕೇಳಿದ್ದಕ್ಕೆ ಎಲ್ಲರೂ ಸೇರಿ ಬೈದರು. ಭದ್ರಾವತಿ ತಮ್ಮ ಕಡೆಯಿಂದ, ಭದ್ರೆ ದಂಡೆಯಿಂದಲೇ ಬರುತ್ತಾನಂತೆ, ತುಂಗೆ ಕಡೆಯಿಂದ ಬಂದರೆ ಪಕ್ಷಪಾತ ಆಗುತ್ತದಂತೆ. ತೀರ್ಥಹಳ್ಳಿ ಅಳೆಯಲು ಟೇಪು ತರುತ್ತಾಳೆ. ಚಿತ್ರಾನ್ನ ನಮ್ಮ ಮನೆಯಿಂದ, ಯಾಕೆಂದರೆ ಲೋಕಲ್. ಇರುವುದು ಒಂದೇ ಬೈಕು, ಅದೂ ಹಿರಿಯೂರಿನ ಸೀನಿಯರ್‌ದು, ಬ್ರೇಕು ಹಿಂದಿನದ್ದು ಮಾತ್ರ ಹಿಡಿಯುತ್ತದೆ. ಹಾಗಾದರೆ ಬಸ್ಸಾ, ಆಟೋನಾ, ಆಟೋ ಆದರೆ ದುಡ್ಡು ಯಾರು ಕೊಡುವುದು ಅನ್ನುವ ಪ್ರಶ್ನೆ ಬಂದಾಗ ಎಲ್ಲರಿಗೂ ಇದ್ದಕ್ಕಿದ್ದಂತೆ ಮೂರೂವರೆ ಕ್ಲಾಸು ನೆನಪಾಯಿತು. ಹೋಗಿ ನೋಡಿದರೆ ಆವತ್ತು ಲೆಕ್ಚರರೇ ಬಂದಿರಲಿಲ್ಲ.